ಹಾಕು, ಮುಚ್ಚು, ಮರೆ: ಬೈಕಿನ ಹೊಟ್ಟೆಯೊಳಗಿನ ಜಾಳಿಯ ಕಥೆ

ಬಾಳೆಹೊಸೂರಿನ ಹಿರಿಯರಿಗೆ ಕೀಲೆಣ್ಣೆ ಗೊತ್ತು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಗೊಟ್ಟದಲ್ಲಿ ತುಂಬಿ ಚಕ್ಕಡಿಗೆ ಕಟ್ಟಿಕೊಳ್ಳುತ್ತಿದ್ದರು. ಅಚ್ಚಿಗೆ ಹಚ್ಚಿದರೆ ಗಾಲಿ ಕಿರುಗುಡುವುದು ನಿಲ್ಲುತ್ತಿತ್ತು. ಆ ಎಣ್ಣೆಯನ್ನು ಯಾರೂ ಸೋಸುತ್ತಿರಲಿಲ್ಲ. ಎತ್ತಿನ ನಡಿಗೆಗೆ ತಿರುಗುವ ಗಾಲಿಗೆ ಅದು ಬೇಕಾಗಿಯೂ ಇರಲಿಲ್ಲ.

ಬೈಕಿನ ಎಂಜಿನ್ ಹಾಗಲ್ಲ. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅಲ್ಲಿ ಎಣ್ಣೆಯ ಜೊತೆ ಒಂದು ಲೋಹದ ಚೂರು ಸೇರಿದರೂ ಬೇರಿಂಗಿಗೆ ಗೀರು ಬೀಳುತ್ತದೆ. ಆದ್ದರಿಂದಲೇ ಎಣ್ಣೆಗೊಂದು ಜಾಳಿ ಬೇಕಾಯಿತು. ನಮ್ಮ ಊರುಗಳಿಗೆ ಆ ಜಾಳಿ ಹೇಗೆ ಬಂತು, ನಾವು ಅದನ್ನು ಹೇಗೆ ಮರೆತೆವು ಎಂಬುದೇ ಈ ಬರಹ.

ಮೊದಲು ನಮ್ಮ ರಾಜ್ಯದ್ದೇ ಗಾಡಿ, ಜಾವಾ. ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು ಕೆಲಸ ಶುರು ಮಾಡಿದ. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ 1960ರ ಹೊತ್ತಿಗೆ ಮೈಸೂರಿನಲ್ಲಿ ನೆಲೆಯೂರಿತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು.

ಈ ಗಾಡಿಗಳ ಎಂಜಿನ್ ಟೂ ಸ್ಟ್ರೋಕ್. ಎಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲೇ ಕಲಸಬೇಕು, 20ರಿಂದ 25 ಪಾಲು ಪೆಟ್ರೋಲಿಗೆ 1 ಪಾಲು. ಅದು ಒಳಗೆ ಹೋಗಿ, ಕೆಲಸ ಮಾಡಿ, ಸುಟ್ಟು ಹೊಗೆಯಾಗಿ ಹೊರಬೀಳುತ್ತದೆ. ಒಂದೇ ಸಲ ಬಳಸುವ ಎಣ್ಣೆಗೆ ಸೋಸುವ ಕೆಲಸವೇ ಇಲ್ಲ. ಪೆಟ್ರೋಲ್ ಕಾಕಿನ ಸಣ್ಣ ಜಾಳಿ ಬಿಟ್ಟರೆ ಜಾವಾ ಎಂಜಿನ್ನಿನೊಳಗೆ ಆಯಿಲ್ ಜಾಳಿ ಇಲ್ಲ. ಗೇರ್ ಬಾಕ್ಸಿನ ಆಯಿಲ್ ಬೇರೆ. ಕಸ ಬೀಳದಂತೆ ನೋಡಿಕೊಳ್ಳುವ ಹೊಣೆ ಆಯಿಲ್ ಕಲಸುವವನ ಕೈಯಲ್ಲೇ ಇತ್ತು.

ಬುಲೆಟ್ ದಾರಿ ಬೇರೆ. ಮದ್ರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಅದರ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಸುಟ್ಟುಹೋಗುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಹಳೆಯ ಬುಲೆಟ್ಟಿನಲ್ಲಿ ಎರಡು ಪಂಪು. ಒಂದು ಆಯಿಲನ್ನು ತಳ್ಳುತ್ತದೆ, ಇನ್ನೊಂದು ತಳಕ್ಕಿಳಿದ ಆಯಿಲನ್ನು ಎಳೆದು ವಾಪಸ್ ಕಳಿಸುತ್ತದೆ. ಕನೆಕ್ಟಿಂಗ್ ರಾಡಿನ ದೊಡ್ಡ ಬೇರಿಂಗಿಗೆ ಹೋಗುವ ದಾರಿಯಲ್ಲಿ ಕಂಬಳಿಯಂಥ ಫೆಲ್ಟಿನ ಫಿಲ್ಟರ್ ಇರುತ್ತಿತ್ತು. ಸುತ್ತುವ ಎಣ್ಣೆ ಪ್ರತಿ ಸುತ್ತಿಗೂ ಕಸ ಹೊತ್ತು ತರುತ್ತದೆ. ಅದನ್ನು ಹಿಡಿಯಲೇಬೇಕು.

ಆದರೆ ನಮ್ಮ ಹಳ್ಳಿಗಳ ಮನೆಮನೆಗೆ ಫೋರ್ ಸ್ಟ್ರೋಕ್ ತಂದದ್ದು ಬುಲೆಟ್ ಅಲ್ಲ, 1985ರ ಹೀರೋ ಹೋಂಡಾ ಸಿಡಿ 100. ಪೆಟ್ರೋಲಿನಲ್ಲಿ ಆಯಿಲ್ ಕಲಸುವ ರಗಳೆ ಇಲ್ಲ, ಹೊಗೆ ಇಲ್ಲ, ಮೈಲೇಜಿಗೆ ಸಾಟಿ ಇಲ್ಲ. ಪೆಟ್ರೋಲ್ ಹಾಕು, ಮುಚ್ಚು, ಮರೆತುಬಿಡು ಎಂಬ ಅರ್ಥದ ಅದರ ಜಾಹೀರಾತು ದೇಶದ ತುಂಬ ಹೆಸರಾಯಿತು. ಜಾಹೀರಾತು ಹೇಳಿದ್ದು ಪೆಟ್ರೋಲಿನ ಮಾತು. ನಾವು ಆಯಿಲನ್ನೂ ಮರೆತೆವು.

ಸಿಡಿ 100ರ ಎಂಜಿನ್ನಿನ ತಳದಲ್ಲಿ, ಬಲಗಡೆ ಕ್ಲಚ್ ಕವರಿನ ಹಿಂದೆ, ಬೆಂಕಿಪೊಟ್ಟಣಕ್ಕಿಂತ ತೆಳುವಾದ ಒಂದು ಜಾಳಿ ಸೀಳಿನಲ್ಲಿ ಕೂತಿರುತ್ತದೆ. ಪಂಪು ಅದರ ಮೂಲಕವೇ ಆಯಿಲ್ ಎಳೆಯುತ್ತದೆ. ಜಾಳಿಯಿಂದ ತಪ್ಪಿಸಿಕೊಂಡ ನುಣುಪು ಕಸವನ್ನು ಕ್ರ್ಯಾಂಕಿನ ತುದಿಯ ತಿರುಗುವ ಬಟ್ಟಲು ಅಂಚಿಗೆ ಎಸೆದು ಹಿಡಿದಿಡುತ್ತದೆ, ಮಜ್ಜಿಗೆ ಕಡೆಯುವಾಗ ಬೆಣ್ಣೆ ಬೇರೆಯಾದ ಹಾಗೆ. ಆಯಿಲ್ ಬದಲಿಸಲು ಕೆಳಗಿನ ನಟ್ಟು ಬಿಚ್ಚಿದರೆ ಈ ಜಾಳಿ ಹೊರಬರುವುದಿಲ್ಲ. ಕಿಕ್ ಕಳಚಿ, ಕವರ್ ಬಿಚ್ಚಬೇಕು. ಹಾಗಾಗಿ ಎಷ್ಟೋ ಗಾಡಿಗಳಲ್ಲಿ ವರ್ಷಗಟ್ಟಲೆ ಅದನ್ನು ಯಾರೂ ನೋಡಿಯೇ ಇರುವುದಿಲ್ಲ.

ಲಕ್ಷ್ಮೇಶ್ವರದ ಒಂದು ಗ್ಯಾರೇಜಿನಲ್ಲಿ ನಾವು ಇಂಥದೇ ಗಾಡಿ ಬಿಚ್ಚುವುದನ್ನು ನೋಡಿದೆವು. ದಿನಾ ಎರಡು ಹೊತ್ತು ಹಾಲಿನ ಕ್ಯಾನ್ ಹೊತ್ತು ಡೇರಿಗೆ ಬರುವ ಸಿಡಿ 100. ಮೇಲಿನ ಹೆಡ್ಡಿನಲ್ಲಿ ಟಕಟಕ ಸದ್ದು. ಕವರ್ ತೆಗೆದಾಗ ಜಾಳಿಯ ಜಾಗದಲ್ಲಿ ಸಿಕ್ಕಿದ್ದು ಚಹಾ ಸೋಸುವ ಜಾಳಿಯ ತುಂಡು. ಹಿಂದೆ ಯಾರೋ ಕತ್ತರಿಸಿ ಕೂರಿಸಿದ್ದರು. ಅದರ ಒಂದು ತಂತಿ ಬಿಚ್ಚಿ ಪಂಪಿನ ಬಾಯಿಗೆ ಹೊರಟಿತ್ತು.

‘ಹೊಸಾದು ಸಿಗೂದಿಲ್ಲೇನ್ರಿ ಕಾಕಾ?’ ಅಂತ ಕೇಳಿದೆವು.

‘ಸಿಗತೈತಿ ತಮ್ಮಾ. ಆಯಿಲ್ ಹಾಕೂದು ಎಲ್ಲಾರಿಗೂ ಗೊತ್ತು. ಜಾಳಿ ತೊಳಿಯೂದು ಯಾರಿಗೂ ನೆನಪಿಲ್ಲ,’ ಅಂದರು ಹಿರಿಯ ಮಿಸ್ತ್ರಿ.

ಚಹಾದ ಜಾಳಿ ಯಾಕೆ ಆಗದು? ಕಣ್ಣು ದೊಡ್ಡದಾದರೆ ಚೂರುಗಳು ಒಳಗೆ ನುಗ್ಗುತ್ತವೆ. ತೀರ ಸಣ್ಣದಾದರೆ ಮುಂಜಾನೆಯ ಚಳಿಗೆ ದಪ್ಪಗಾದ ಆಯಿಲ್ ಬೇಗ ಹಾಯುವುದಿಲ್ಲ, ತುದಿಯಲ್ಲಿರುವ ಹೆಡ್ಡಿಗೆ ಮೊದಲು ಬರಗಾಲ. ಕಂಪನಿಯ ಅಥವಾ ಅದೇ ಅಳತೆಯ ಜಾಳಿ ಸಿಕ್ಕರೆ ಅದನ್ನೇ ಹಾಕಿಸಿ. ಭಾಗ ಸಿಗದ ಹಳೆಯ ಗಾಡಿಯಾದರೆ ಮಾತ್ರ ಮಾಡಿಸುವುದು. ಹಳೆಯ ಚೌಕಟ್ಟು ಬಿಸಾಡಬೇಡಿ. ಹಳೆಯ ಜಾಳಿಯ ಕಣ್ಣಿಗೆ ಹೋಲಿಸಿ ಹಿತ್ತಾಳೆ ಜಾಳಿ ಆರಿಸಿ, ಅಂಚಿನ ಸುತ್ತಲೂ ಬೆಸುಗೆ ಹಾಕಿಸಿ. ಒಂದು ಎಳೆ ತಂತಿಯೂ ಸಡಿಲ ಉಳಿಯಬಾರದು. ಬದಿಯಲ್ಲಿ ಸಂದಿ ಬಿಟ್ಟರೆ ಆಯಿಲ್ ಆ ಸಂದಿಯಿಂದಲೇ ನುಸುಳುತ್ತದೆ, ಜಾಳಿ ಇದ್ದೂ ಇಲ್ಲದಂತೆ.

ತೊಳೆಯುವುದಾದರೆ ಸೀಮೆಎಣ್ಣೆ ಅಥವಾ ಡೀಸೆಲ್, ಮೆತ್ತನೆಯ ಬ್ರಷ್. ಎಳೆ ಬಿಡುವ ಬಟ್ಟೆಯಿಂದ ಒರೆಸಬೇಡಿ. ತೆಳುವಾದ ಅಂಚು ಒಳಗೆ ಹೋಗಬೇಕು. ತಿರುಗುವ ಬಟ್ಟಲಿನ ಕರಿ ಕೆಸರನ್ನೂ ಕೆರೆದು ತೆಗೆಸಿ. ಕವರಿಗೆ ಹೊಸ ಪ್ಯಾಕಿಂಗ್ ಹಾಕಿಸಿ. ತೆಗೆದ ಆಯಿಲನ್ನು ಹೊಲಕ್ಕೋ ಹಳ್ಳಕ್ಕೋ ಸುರಿಯಬೇಡಿ.

ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಜಾವಾ ಹೆಸರು 2018ರಲ್ಲಿ ಮರಳಿ ಬಂದಾಗ ಎಂಜಿನ್ ಫೋರ್ ಸ್ಟ್ರೋಕ್ ಆಗಿತ್ತು. ಅಂದರೆ ಸೋಸಬೇಕಾದ ಆಯಿಲ್ ಈಗ ಜಾವಾಕ್ಕೂ ಬಂತು. ಅಜ್ಜನ ಗಾಡಿಯಲ್ಲಿ ಆಯಿಲ್ ಕಲಸುವವನಿಗೆ ಎಲ್ಲವೂ ಕಣ್ಣೆದುರೇ ಇತ್ತು. ನಮ್ಮ ಗಾಡಿಯಲ್ಲಿ ಅದು ಕವರಿನ ಹಿಂದಿದೆ.

ಆ ಹಾಲಿನ ಗಾಡಿಗೆ ಹೊಸ ಜಾಳಿ ಬಿತ್ತು. ಪಂಪಿಗೆ ಏನೂ ಆಗಿರಲಿಲ್ಲ, ಹೆಡ್ಡಿನ ಕೆಲಸ ಮಾತ್ರ ಉಳಿಯಿತು. ಇನ್ನು ಕೆಲವು ದಿನ ಬಿಟ್ಟಿದ್ದರೆ ಎಂಜಿನ್ ಜಾಮ್ ಆಗುತ್ತಿತ್ತು, ಆ ಮನೆಯ ಹಾಲು ಡೇರಿಗೆ ಹೋಗುವುದೂ ನಿಲ್ಲುತ್ತಿತ್ತು ಅಂದರು ಮಿಸ್ತ್ರಿ. ಮುಂದಿನ ಸಲ ಆಯಿಲ್ ಬದಲಿಸಲು ಹೋದಾಗ ಒಂದು ಮಾತು ಕೇಳಿ: ‘ಜಾಳಿ ನೋಡೀರೇನ್ರಿ?’