ವಿಮಾನ ಕಟ್ಟುವ ಊರಿಗೆ ವಿಮಾನ ಬಂದದ್ದು ಯಾವಾಗ? ಬೆಂಗಳೂರು–ನಾಸಿಕ್ ದೂರದ ಕಥೆ

ಬೆಂಗಳೂರಿನಿಂದ ನಾಸಿಕ್‌ಗೆ ರಸ್ತೆಯಲ್ಲಿ ಹೋದ್ರೆ ಸಾವಿರ ಕಿ.ಮೀ. ದಾಟುತ್ತೆ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಾಕಿ ನಾನು ಲೆಕ್ಕ ಮಾಡಿದಾಗ ಬಂದ ನೇರ ದೂರ ಸುಮಾರು 870 ಕಿ.ಮೀ. ಈ ದೂರ ಯಾವ ಕಾಲದಲ್ಲೂ ಇಷ್ಟೇ. ಬದಲಾಗಿದ್ದು ಪ್ರಯಾಣದ ಸಮಯ. ಯಾಕೆ ಅನ್ನೋದೇ ಇವತ್ತಿನ ವಿಷಯ.

ನಾಸಿಕ್ ವಿಮಾನ ನಿಲ್ದಾಣ ಇರೋದು ನಗರದಿಂದ ಹೊರಗೆ, ಓಝರ್‌ನಲ್ಲಿ. ಪ್ರಯಾಣಿಕರ ಟರ್ಮಿನಲ್ ದಿಂಡೋರಿ ತಾಲ್ಲೂಕಿನ ಜಾನೋರಿ ಕಡೆಗಿದೆ. ಇತಿಹಾಸ ಓದಿದವರಿಗೆ ದಿಂಡೋರಿ ಹೆಸರು ಗೊತ್ತಿರುತ್ತೆ. 1670ರ ಅಕ್ಟೋಬರ್ ಮೊದಲ ವಾರ ಸೂರತ್ ಬಿಟ್ಟ ಶಿವಾಜಿ ಮಹಾರಾಜರ ಸೈನ್ಯಕ್ಕೂ ಮೊಘಲ್ ಸರದಾರ ದಾವೂದ್ ಖಾನನ ಪಡೆಗೂ ವಣಿ–ದಿಂಡೋರಿ ಬಳಿ ಯುದ್ಧ ನಡೆದದ್ದು ಅಕ್ಟೋಬರ್ 17ರಂದು. ಸೂರತ್‌ನಿಂದ ಇಲ್ಲಿಗೆ ನೇರ ದೂರ ಸುಮಾರು 150 ಕಿ.ಮೀ. ಅಷ್ಟೇ. ಆದ್ರೂ ಹತ್ತು ದಿನದ ಮೇಲಾಯ್ತು. ಕುದುರೆಗಳು ನಿಧಾನ ಅಂತಲ್ಲ. ಜೊತೆಗೆ ಸೂರತ್‌ನ ಸಂಪತ್ತಿನ ಹೊರೆ ಇತ್ತು, ದಾರಿಯಲ್ಲಿ ಘಟ್ಟ ಇತ್ತು.

ಈಗ ಆಕಾಶಕ್ಕೆ ಬರೋಣ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ 1964ರಲ್ಲಿ ಎಚ್‌ಎಎಲ್ ಆಯಿತು. ಮಿಗ್-21 ತಯಾರಿಸೋಕೆ ಓಝರ್‌ನಲ್ಲಿ ಕಾರ್ಖಾನೆ ಬಂದದ್ದೂ ಅದೇ ವರ್ಷ. ಮಿಗ್-21ರ ಗರಿಷ್ಠ ವೇಗ ಗಂಟೆಗೆ 2,000 ಕಿ.ಮೀ.ಗೂ ಹೆಚ್ಚು. ಆ ವೇಗದಲ್ಲಿ 870 ಕಿ.ಮೀ. ಅಂದ್ರೆ, ಕಾಗದದ ಮೇಲೆ ಅರ್ಧ ಗಂಟೆಯೂ ಬೇಡ! ಆದ್ರೆ ಬೆಂಗಳೂರಿನ ಸಾಮಾನ್ಯ ಜನ ಏನು ಮಾಡ್ತಿದ್ರು? ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಮನ್ಮಾಡ್‌ನಲ್ಲಿ ಇಳಿದು, ಅಲ್ಲಿಂದ ನಾಸಿಕ್‌ಗೆ ಇನ್ನೊಂದು ಗಾಡಿ ಹಿಡೀತಿದ್ರು. ಹತ್ತಿರ ಹತ್ತಿರ ಒಂದು ದಿನ.

ಅಂದ್ರೆ 3 ಕಿ.ಮೀ. ಉದ್ದದ ರನ್‌ವೇ ಇತ್ತು, ವಿಮಾನ ಕಟ್ಟುವ ಕೈಗಳೂ ಇದ್ದವು. ಇಲ್ಲದೇ ಇದ್ದದ್ದು ಟಿಕೆಟ್ ಕೊಂಡು ಕೂರುವವರಿಗೆ ಜಾಗ. ಹೊಸ ಟರ್ಮಿನಲ್ ಉದ್ಘಾಟನೆ ಆದದ್ದು 2014ರಲ್ಲಿ. ಆಮೇಲೂ ನಿಯಮಿತ ವಿಮಾನಕ್ಕಾಗಿ ಕಾಯಬೇಕಾಯ್ತು. 2017ರ ಡಿಸೆಂಬರ್‌ನಲ್ಲಿ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹುಟ್ಟುಹಾಕಿದ ಏರ್ ಡೆಕ್ಕನ್ ಉಡಾನ್ ಯೋಜನೆಯಡಿ ಸಣ್ಣ ವಿಮಾನ ಹಾರಿಸಿತು; ಅದೂ ಬಹಳ ಕಾಲ ನಿಲ್ಲಲಿಲ್ಲ. 2021ರ ಜನವರಿಯಲ್ಲಿ ಸ್ಟಾರ್ ಏರ್ ಬೆಳಗಾವಿ–ನಾಸಿಕ್ ಶುರು ಮಾಡ್ತು. ರಸ್ತೆಯಲ್ಲಿ ಇಡೀ ದಿನ ತಿನ್ನುತ್ತಿದ್ದ ದಾರಿ ಸುಮಾರು ಒಂದು ಗಂಟೆಗೆ ಇಳಿಯಿತು. 2024ರಲ್ಲಿ ಇಂಡಿಗೋ ಬೆಂಗಳೂರಿನಿಂದ ನೇರ ಸಂಪರ್ಕ ಕೊಟ್ಟಿತು, ಸುಮಾರು ಎರಡು ಗಂಟೆ.

ದೂರ ಭಾಗಿಸು ವೇಗ ಅಂದ್ರೆ ಸಮಯ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆದ್ರೆ ರನ್‌ವೇ ಯಾರಿಗೆ ತೆರೆದಿದೆ ಅನ್ನೋದು ಆ ಸೂತ್ರದಲ್ಲಿ ಇಲ್ಲ. ನಮ್ಮ ಬೀದರ್ ನೋಡಿ: ವಾಯುಪಡೆಯ ನೆಲೆ ಎಷ್ಟೋ ದಶಕಗಳಿಂದ ಇದೆ, ಪ್ರಯಾಣಿಕರ ಟರ್ಮಿನಲ್ ತೆರೆದದ್ದು 2020ರಲ್ಲಿ. ತಲೆ ಮೇಲೆ ಯುದ್ಧವಿಮಾನ ಹಾರ್ತಿದ್ರೂ ಕೆಳಗಿನವರು ರಾತ್ರಿ ಬಸ್ಸಿಗೇ ಓಡ್ತಿದ್ರು. ನಿಮ್ಮ ಊರಿನ ಕಥೆ ಏನು? ಕಾಮೆಂಟ್‌ನಲ್ಲಿ ಬರೀರಿ.