ಮತ ಎಂಬ ಮಾತು

ಚುನಾವಣೆ ಬಂತೆಂದರೆ ನಮ್ಮ ಬೀದಿಗಳಲ್ಲಿ ಓಡಾಡುವ ಪದ ‘ಓಟು’. ಓಟು ಕೇಳೋಕೆ ಬಂದಿದ್ದಾರೆ, ಓಟು ಹಾಕಿ ಬಂದ್ರಾ ಅಣ್ಣಾ, ಆ ಕೇರಿಯ ಓಟೆಲ್ಲ ಈ ಸಲ ಇವರಿಗೇ ಬಿದ್ದಿವೆ ಎಂದು ಜನ ಮಾತಾಡಿಕೊಳ್ಳುತ್ತಾರೆ. ‘ಮತ’ ಎಂದು ಬಾಯಲ್ಲಿ ಅನ್ನುವವರು ಕಡಿಮೆ. ಅದು ಪತ್ರಿಕೆಯ ತಲೆಬರಹದಲ್ಲಿ, ಚುನಾವಣಾ ಆಯೋಗದ ಸುತ್ತೋಲೆಯಲ್ಲಿ, ಅಭ್ಯರ್ಥಿಯ ಕರಪತ್ರದಲ್ಲಿ ‘ತಮ್ಮ ಅಮೂಲ್ಯವಾದ ಮತ’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಆದರೂ ನಾನು ಇವತ್ತು ಬರೆಯಬೇಕೆಂದಿರುವುದು ಮತದ ಬಗ್ಗೆಯೇ. ಸಾಮಾನ್ಯ ಪ್ರಜೆಯೊಬ್ಬ ರಾಜಕೀಯದಲ್ಲಿ ಏನೇನು ಆಗಬಹುದೋ ಅದೆಲ್ಲ ಈ ಎರಡಕ್ಷರದೊಳಗೆ ಇದೆ. ಅದರಲ್ಲಿ ಒಂದು ಚೂರನ್ನು ಮಾತ್ರ ನಾವು ಬಳಸುತ್ತಿದ್ದೇವೆ ಎಂಬುದು ನನ್ನ ಸಂಕಟ.

ಈ ಪದ ಸಂಸ್ಕೃತದ ‘ಮನ್’ ಧಾತುವಿನದು. ಮನಸ್ಸು, ಮನನ, ಮತಿ ಎಲ್ಲ ಒಂದೇ ಮನೆತನ. ಮತ ಎಂದರೆ ಮನಸ್ಸಿನಲ್ಲಿ ತಿರುಗಿಸಿ ನೋಡಿ, ಸರಿಯೆಂದು ನಿಲ್ಲಿಸಿಕೊಂಡದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ ತನ್ನನ್ನು ನೃಪತುಂಗನಿಗೆ ‘ಅನುಮತ’ವಾದದ್ದು ಎಂದು ಹೇಳಿಕೊಳ್ಳುತ್ತದೆ. ಒಂಬತ್ತನೆಯ ಶತಮಾನದ ಆ ಕೃತಿಯಲ್ಲೇ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಿಕೊಳ್ಳುವುದೇ ನಿಜವಾದ ಬಂಗಾರ ಎಂಬ ಮಾತೂ ಬರುತ್ತದೆ. ಅಂದರೆ ಒಬ್ಬನಿಗೆ ತನ್ನದೇ ಆದ ಯೋಚನೆ ಇರಬಹುದು, ಅದನ್ನು ಪಕ್ಕದವನು ಒಪ್ಪದಿದ್ದರೂ ತಾಳಿಕೊಳ್ಳಬೇಕು ಎಂಬ ತಿಳಿವಳಿಕೆ ನಮ್ಮ ಭಾಷೆಯಲ್ಲಿ ಉಳಿದು ಬಂದಿರುವ ಗ್ರಂಥಗಳಷ್ಟೇ ಹಳೆಯದು.

ಮುಂದೆ ಆಚಾರ್ಯರ ಯೋಚನೆಗೆ ಅನುಯಾಯಿಗಳು ಸೇರಿ ಮತ ಎಂಬುದು ಪಂಥವಾಯಿತು, ಧರ್ಮವಾಯಿತು. ಮಾಧ್ವಮತ ಎನ್ನುವಾಗ ಇನ್ನೂ ಅಲ್ಲಿ ಮಧ್ವರ ವಿಚಾರದ ನೆನಪು ಇರುತ್ತದೆ. ‘ಅವರು ಯಾವ ಮತದವರು?’ ಎಂದು ಕೇಳುವಾಗ ವಿಚಾರ ಹೋಗಿ ಹುಟ್ಟು ಮಾತ್ರ ಉಳಿದಿರುತ್ತದೆ. ಪ್ರಾತಿನಿಧ್ಯದ ಸಭೆಗಳು, ಚುನಾವಣೆಗಳು ಬಂದಾಗ ಇಂಗ್ಲಿಷಿನ ಓಟಿಗೂ ಇದೇ ಪದವನ್ನು ಕೊಟ್ಟೆವು. ಹೀಗೆ ಅಭಿಪ್ರಾಯ, ಧರ್ಮ, ಓಟು ಮೂರೂ ಒಂದೇ ಹೆಸರಿನಲ್ಲಿ ಬಾಳುತ್ತಿವೆ. ಇದರ ಅಪಾಯ ಕಾನೂನಿಗೂ ಗೊತ್ತಿದೆ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ಕಲಮು ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಓಟು ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭ್ಯರ್ಥಿಯ ಧರ್ಮವನ್ನಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದಿಟ್ಟುಕೊಂಡು ಕೇಳುವುದೂ ತಪ್ಪು ಎಂದು ನಾಲ್ಕು–ಮೂರರ ಬಹುಮತದಿಂದ ತೀರ್ಪು ಕೊಟ್ಟಿತು. ಕನ್ನಡದಲ್ಲಿ ಹೇಳುವುದಾದರೆ, ಮತದ ಹೆಸರಲ್ಲಿ ಮತ ಕೇಳಬೇಡಿ. ತೀರ್ಪು ಬಂದ ಮೇಲಿನ ಚುನಾವಣಾ ಭಾಷಣಗಳನ್ನು ಕೇಳಿದ ಯಾರಿಗೂ ಅದು ಎಷ್ಟರಮಟ್ಟಿಗೆ ಪಾಲನೆಯಾಗಿದೆ ಎಂದು ನಾನು ಹೇಳಬೇಕಿಲ್ಲ.

ನನಗೆ ಹೆಚ್ಚು ತಕರಾರಿರುವುದು ‘ಮತದಾನ’ದ ಮೇಲೆ. ದಾನವೆಂದರೆ ಕೊಟ್ಟು ಮರೆಯುವಂಥದ್ದು. ಕೊಟ್ಟದ್ದನ್ನು ಲೆಕ್ಕ ಕೇಳುವುದು, ಹಿಂದಕ್ಕೆ ಬಯಸುವುದು ಪಾಪ ಎಂದು ನಂಬಿಕೊಂಡು ಬಂದ ಜನ ನಾವು. ಓಟಿನ ವಿಷಯದಲ್ಲಿ ಈ ಭಾವನೆ ಸಲ್ಲದು. ಓಟು ಹಾಕಿದವನು ಮರುದಿನದಿಂದಲೇ ಲೆಕ್ಕ ಕೇಳಬೇಕು. ಜನರ ಬಾಯಲ್ಲಿರುವ ‘ಓಟು ಹಾಕು’ ಇದಕ್ಕಿಂತ ಎಷ್ಟೋ ವಾಸಿ. ‘ಮತ ಚಲಾಯಿಸು’ ಎಂಬ ಬಳಕೆಯೂ ಇದೆ, ಅದರಲ್ಲಿ ಅಧಿಕಾರದ ದನಿ ಇದೆ. ಆದರೂ ಮತದಾನವೇ ಗೆದ್ದಿತು. ಇರಲಿ, ದಾನವೆಂದೇ ಇಟ್ಟುಕೊಂಡರೂ ನಮ್ಮ ಹಿರಿಯರು ಅದಕ್ಕೊಂದು ಕಟ್ಟುಪಾಡು ಮಾಡಿದ್ದರು. ಅಪಾತ್ರನಿಗೆ ಕೊಟ್ಟರೆ ದೋಷ ಕೊಟ್ಟವನಿಗೇ ಎಂದಿದ್ದರು. ಪಾತ್ರ ನೋಡುವುದು ಕೊಡುವವನ ಕೆಲಸ. ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಆತನ ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಪ್ರಕರಣ ಎಲ್ಲ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ನೋಡಿದವರು ನಮ್ಮಲ್ಲಿ ಎಷ್ಟು ಜನ?

ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಸೀಮೆಯಿಂದ ನಿಂತಾಗ ಜನರ ಮುಂದಿಟ್ಟ ಬೇಡಿಕೆ ‘ಒಂದು ಓಟು, ಒಂದು ನೋಟು’. ಕೈಯಲ್ಲಿ ಕಾಸಿಲ್ಲದ ಸಮಾಜವಾದಿ, ಓಟಿನ ಜೊತೆ ಖರ್ಚಿಗೂ ಮತದಾರನನ್ನೇ ಕೇಳಿದರು. ಗೇಣಿದಾರರು, ಕೂಲಿಯವರು ಅವರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು. ಅಂದು ನೋಟು ಮತದಾರನ ಕೈಯಿಂದ ಅಭ್ಯರ್ಥಿಯ ಕಡೆಗೆ ಹೋಗುತ್ತಿತ್ತು. ಹಾಗೆ ಕೊಟ್ಟವನಿಗೆ ಕೇಳುವ ಬಾಯಿಯೂ ಇರುತ್ತಿತ್ತು. ಇಂದು ನೋಟು ಬರುವ ದಿಕ್ಕು ಬದಲಾಗಿದೆ. ಪಡೆದವನು ಶಾಸಕರ ಮುಂದೆ ನಿಂತು ಕೆರೆ ಹೂಳಿನ ಬಗ್ಗೆ, ಶಾಲೆಯ ಸೋರುವ ಮಾಡಿನ ಬಗ್ಗೆ ಗಟ್ಟಿಯಾಗಿ ಕೇಳಲಾರ. ಹಣ ಪಡೆಯುವುದರಲ್ಲಿ ನನಗೆ ಕಾಣುವ ದೊಡ್ಡ ನಷ್ಟ ಇದು. ಬಡತನದಲ್ಲಿ ಕೈ ಚಾಚಿದವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಹಂಚುವವರನ್ನು ಕ್ಷಮಿಸಲೂ ಆಗುವುದಿಲ್ಲ.

ಒಂದು ಓಟಿನಿಂದ ಏನಾದೀತು ಎನ್ನುವವರಿಗೆ ಸಂತೇಮರಹಳ್ಳಿಯ ಉದಾಹರಣೆ ಸಾಕು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದಿದ್ದವು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ. 73ರಷ್ಟು ಜನ ಮತ ಹಾಕಿದ್ದರೆ ರಾಜಧಾನಿ ಬೆಂಗಳೂರು ಶೇ. 54ರ ಆಸುಪಾಸಿನಲ್ಲೇ ನಿಂತಿತು. ಹಳ್ಳಿಯ ಮುದುಕಿ ಬಿಸಿಲಲ್ಲಿ ಸಾಲು ನಿಂತು ಹಾಕಿ ಬರುವ ಓಟನ್ನು, ದಿನವಿಡೀ ಸರ್ಕಾರವನ್ನು ಬೈಯುವ ನಗರದ ವಿದ್ಯಾವಂತ ಹಾಕುವುದಿಲ್ಲ.

ಈ ಪದದ ಸಂತಾನದಲ್ಲಿ ಅತಿ ಹೆಚ್ಚು ಹಾಳಾದದ್ದು ‘ಭಿನ್ನಮತ’. ಬೇರೆಯಾಗಿ ಯೋಚಿಸುವುದು ಎಂಬುದು ಅದರ ನೇರ ಅರ್ಥ. ಪ್ರಜಾಪ್ರಭುತ್ವದ ಉಸಿರೇ ಅದು. ನಮ್ಮ ರಾಜಕೀಯ ವರದಿಗಳಲ್ಲಿ ಭಿನ್ನಮತ ಯಾವಾಗಲೂ ‘ಸ್ಫೋಟ’ಗೊಳ್ಳುತ್ತದೆ, ಇಲ್ಲವೇ ‘ಶಮನ’ವಾಗುತ್ತದೆ. ಮಂತ್ರಿಗಿರಿ ತಪ್ಪಿದವರು ಗುಂಪು ಕಟ್ಟಿದರೆ ಭಿನ್ನಮತೀಯರು, ನಿಗಮ–ಮಂಡಳಿಯೊಂದು ಸಿಕ್ಕಿದರೆ ಭಿನ್ನಮತ ಮುಗಿಯಿತು. ಅಲ್ಲಿ ಬೇರೆ ಮತವಾದರೂ ಏನಿತ್ತು? ಯಾವ ನೀತಿಯ ಬಗ್ಗೆ, ಯಾವ ಮಸೂದೆಯ ಬಗ್ಗೆ? ಖುರ್ಚಿಯ ಜಗಳಕ್ಕೆ ಇಷ್ಟು ಒಳ್ಳೆಯ ಪದವನ್ನು ತೆತ್ತುಬಿಟ್ಟೆವು. ಪರಿಣಾಮವಾಗಿ, ನಿಜವಾಗಿ ಬೇರೆಯಾಗಿ ಯೋಚಿಸುವ ಸಾಮಾನ್ಯನಿಗೆ ಗೌರವದ ಹೆಸರೇ ಇಲ್ಲ. ಅವನನ್ನು ಆ ಪಕ್ಷದವನು, ಈ ಪಕ್ಷದವನು ಎಂದು ಕರೆದು ಮುಗಿಸುತ್ತಾರೆ. ಬೆಲೆಯೇರಿಕೆಯ ಬಗ್ಗೆ ಮಾತಾಡಿದರೆ ಒಂದು ಪಕ್ಷ, ಗ್ಯಾರಂಟಿ ಯೋಜನೆಯ ಹಣ ತಡವಾದ ಬಗ್ಗೆ ಮಾತಾಡಿದರೆ ಇನ್ನೊಂದು ಪಕ್ಷ. ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ ಪಾಡಾಗಿ, ಎಷ್ಟೋ ಕಡೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಕುವೆಂಪು ಯುವಕರಿಗೆ ‘ನಿರಂಕುಶಮತಿ’ಗಳಾಗಿ ಎಂದು ಕರೆಕೊಟ್ಟಿದ್ದರು. ಅಂಕುಶ ಹಿಡಿದ ಮಾವುತರು ಈಗ ಅಂಗೈಯ ಫೋನಿನೊಳಗೇ ಕೂತಿದ್ದಾರೆ.

‘ಬಹುಮತ’ದ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಬಹುಮತವನ್ನು ಅಳೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಹೇಳಿತು. ಇಂದಿಗೂ ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ಬೊಮ್ಮಾಯಿ ಪ್ರಕರಣದ ಹೆಸರು ಬರುತ್ತದೆ. ಅದೇ ಕರ್ನಾಟಕದಲ್ಲಿ 2019ರ ಜುಲೈ 23ರಂದು ವಿಶ್ವಾಸಮತ 99–105ರಿಂದ ಬಿದ್ದದ್ದನ್ನೂ ನಾವು ನೋಡಿದೆವು. ರಾಜೀನಾಮೆ ಕೊಟ್ಟ ಶಾಸಕರು ಮುಂಬೈಯ ಹೋಟೆಲಿನಲ್ಲಿ ಇದ್ದ ಆ ವಾರಗಳಲ್ಲಿ, ಅವರಿಗೆ ಓಟು ಹಾಕಿದ ಕ್ಷೇತ್ರದ ಜನರನ್ನು ‘ನಿಮ್ಮ ಮತವೇನು’ ಎಂದು ಯಾರಾದರೂ ಕೇಳಿದರೇ?

ಮಾತಿಗೂ ಮತಕ್ಕೂ ಹುಟ್ಟಿನಲ್ಲಿ ನಂಟಿಲ್ಲ. ಮಾತು ನಮ್ಮ ದ್ರಾವಿಡ ನುಡಿ, ಮತ ಸಂಸ್ಕೃತದಿಂದ ಬಂದದ್ದು. ಸಾರ್ವಜನಿಕ ಬದುಕಿನಲ್ಲಿ ಮಾತ್ರ ಒಂದನ್ನು ಬಿಟ್ಟು ಇನ್ನೊಂದು ಬದುಕಲಾರದು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ನಲ್ಲಿ, ದಸರೆಯ ವೇಳೆಗೆ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. 144 ಮಂದಿ ಪ್ರತಿನಿಧಿಗಳು. ದಿವಾನರು ಆಡಳಿತದ ವರದಿ ಓದುತ್ತಿದ್ದರು; ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಕುಂದುಕೊರತೆ ಹೇಳಿಕೊಳ್ಳಬಹುದಿತ್ತು. ತೀರ್ಮಾನಿಸುವ ಅಧಿಕಾರ ಸಭೆಗೆ ಇರಲಿಲ್ಲ. ಅವರನ್ನು ಆರಿಸುವ ಅಧಿಕಾರವೂ ಆರಂಭದಲ್ಲಿ ಜನಸಾಮಾನ್ಯರಿಗೆ ಇರಲಿಲ್ಲ. ಅಲ್ಲಿ ಇದ್ದದ್ದು ಮಾತು ಮಾತ್ರ. ಈಗ ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಮತವಿದೆ. 1989ರಲ್ಲಿ ಜಾರಿಗೆ ಬಂದ 61ನೆಯ ತಿದ್ದುಪಡಿ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ, ನಿಂತವರು ಯಾರೂ ಬೇಡ ಎನ್ನುವ ನೋಟಾ ಗುಂಡಿಯೂ ಬಂತು. ಇಷ್ಟಿದ್ದೂ, ಓಟು ಹಾಕಿ ಬಂದ ಮೇಲೆ ಐದು ವರ್ಷ ನಾವು ಬಾಯಿ ತೆರೆಯುವುದು ಟೀ ಅಂಗಡಿಯಲ್ಲಿ. ಯಾರು ಬಂದ್ರೂ ನಮಗೆ ರಾಗಿ ಬೀಸೋದು ತಪ್ಪಲ್ಲ ಎಂದು ಲೋಟ ಕೆಳಗಿಟ್ಟು ಎದ್ದುಬರುತ್ತೇವೆ.

ಟೀ ಅಂಗಡಿಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಸಂತೆಯಲ್ಲಿ ಕೇಳಿಬರುವ ಅಭಿಪ್ರಾಯಗಳಲ್ಲಿ ಟಿವಿ ಚರ್ಚೆಗಿಂತ ಹೆಚ್ಚು ಅನುಭವ ಇರುತ್ತದೆ. ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ವಾಪಸಾದವಳಿಗೆ ಆಡಳಿತದ ಬಗ್ಗೆ ಗೊತ್ತಿರುವುದು ವಿಶ್ಲೇಷಕರಿಗೆ ಗೊತ್ತಿರುವುದಿಲ್ಲ. ಪ್ರಜಾವಾಣಿಯ ‘ವಾಚಕರ ವಾಣಿ’ಯಂಥ ಅಂಕಣಗಳಲ್ಲಿ ನಿವೃತ್ತ ಮೇಷ್ಟ್ರು, ರೈತರು, ವಿದ್ಯಾರ್ಥಿಗಳು ಬರೆಯುವ ನಾಲ್ಕು ಸಾಲಿನ ಪತ್ರಗಳನ್ನು ನಾನು ಸಂಪಾದಕೀಯಕ್ಕಿಂತ ಮೊದಲು ಓದುತ್ತೇನೆ. ಅವು ನಿಜವಾದ ಅರ್ಥದಲ್ಲಿ ಮತಗಳು: ಒಬ್ಬರು ಕೂತು ಯೋಚಿಸಿದ್ದಾರೆ, ಹೆಸರು, ಊರು ಹಾಕಿ ಹೊಣೆ ಹೊತ್ತಿದ್ದಾರೆ. ಇಂಥ ಮಾತು ಅಧಿಕಾರ ಇರುವ ಕಡೆಗೆ ಹೋಗುವುದಿಲ್ಲವಲ್ಲ ಎಂಬುದೇ ನನ್ನ ಕೊರಗು.

ಹೋಗುವ ದಾರಿ ಇಲ್ಲದಿಲ್ಲ. ನಮ್ಮವರು ಪೋಲಿಂಗ್ ಬೂತಿಗೆ ‘ಮತಗಟ್ಟೆ’ ಎಂಬ ಚೆಂದದ ಹೆಸರಿಟ್ಟರು. ಕಟ್ಟೆ ಎಂದರೆ ಅರಳಿಕಟ್ಟೆ, ಪಂಚಾಯಿತಿ ಕಟ್ಟೆ, ಜನ ಕೂತು ಮಾತಾಡುವ ಜಾಗ. ಮತಗಟ್ಟೆಯಲ್ಲಿ ಮಾತಿಗೆ ಅವಕಾಶವಿಲ್ಲ, ಅದರ ನೂರು ಮೀಟರ್ ಒಳಗೆ ಪ್ರಚಾರವೂ ನಿಷಿದ್ಧ. ಗುಟ್ಟಾಗಿ, ನಿರ್ಭಯವಾಗಿ ಗುಂಡಿ ಒತ್ತಲು ಅದು ಹಾಗೆಯೇ ಇರಬೇಕು. ಬಾಯಿ ಬಿಟ್ಟು ಮತ ಹೇಳುವ ಕಟ್ಟೆಯೆಂದರೆ ಗ್ರಾಮಸಭೆ ಮತ್ತು ವಾರ್ಡ್ ಸಭೆ. ನಮ್ಮ ಪಂಚಾಯತ್ ರಾಜ್ ಕಾಯ್ದೆ ಇವೆರಡನ್ನೂ ಕಡ್ಡಾಯ ಮಾಡಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ, ಅದಕ್ಕೆ ಯಾರ ಕರೆಯೋಲೆಯೂ ಬೇಕಿಲ್ಲ. ಯಾವ ಕಾಮಗಾರಿ ಮೊದಲು, ಮನೆ ಯಾರಿಗೆ ಎಂಬ ಚರ್ಚೆ ನಡೆಯಬೇಕಾದದ್ದು ಅಲ್ಲಿ. ಎಷ್ಟೋ ಊರುಗಳಲ್ಲಿ ಹತ್ತಾರು ಜನ ಬಂದು, ಸಹಿ ಹಾಕಿ, ಟೀ ಕುಡಿದು ಹೋಗುತ್ತಾರೆ. ಬೆಂಗಳೂರಿನವರ ಸ್ಥಿತಿ ಇನ್ನೂ ಕಷ್ಟದ್ದು. 2015ರಲ್ಲಿ ಆರಿಸಿದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ಇಷ್ಟು ದೊಡ್ಡ ನಗರದ ಜನರಿಂದ ಸ್ಥಳೀಯ ಮತವನ್ನು ಕಸಿದಿಟ್ಟದ್ದು ಎಲ್ಲ ಪಕ್ಷಗಳೂ ಸೇರಿ ಮಾಡಿದ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಗ್ರಾಮಸಭೆ ಯಾವತ್ತು ಎಂದು ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಕೊನೆಯವರೆಗೆ ಕೂತಿರಿ. ನೀವು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ, ಬರೆದದ್ದನ್ನು ಓದಿಸಿ ಕೇಳಿಸಿಕೊಂಡ ಮೇಲೆಯೇ ಎದ್ದು ಬನ್ನಿ.