ಗಂಜಾಮಿನಿಂದ ಕೋಲಾರದ ಗಣಿಯವರೆಗೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಸತ್ತ ಮೇಲೆ ಊರಿನಿಂದ ಹೊರಬಿದ್ದವರಲ್ಲಿ ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಸಾವಿರಗಟ್ಟಲೆ ಇದ್ದರು. ಅದಕ್ಕೂ ಹಿಂದಿನ ಯುದ್ಧವೊಂದರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ 1784ರಲ್ಲಿ ಅವರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ತರಲಾಗಿತ್ತು. ಎಷ್ಟು ಮಂದಿ ಎಂಬುದಕ್ಕೆ ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಸತ್ತರು. ಉಳಿದವರಲ್ಲಿ ಬಹಳಷ್ಟು ಗಂಡಸರಿಗೆ ಬಲವಂತದ ಸುನ್ನತಿ ಆಗಿತ್ತು. ಹದಿನೈದು ವರ್ಷ ಕಳೆದು ಬಾಗಿಲು ತೆರೆದಾಗ ಅವರು ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ಅವರನ್ನು ಯಾರು ಸೇರಿಸಿಕೊಳ್ಳುತ್ತಾರೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ಅವರನ್ನು ಎದುರುಗೊಂಡವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ ದುಬುವಾ 1792ರಲ್ಲಿ ಭಾರತಕ್ಕೆ ಬಂದವರು. ತಲೆಗೆ ರುಮಾಲು, ಕೈಯಲ್ಲಿ ಬಿದಿರುಕೋಲು, ಊರಿನವರದೇ ಉಡುಗೆ. ಜನ ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಅವರು ಕಟ್ಟಿದ ಚರ್ಚಿಗೆ ಇಂದಿಗೂ ಅವರದೇ ಹೆಸರು. ಕ್ಯಾಥೊಲಿಕ್ ಕ್ರಮದಲ್ಲಿ ಮತತ್ಯಾಗ ಮಹಾಪಾಪ. ಆದರೆ ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತಗಳ ದಾರಿಯಲ್ಲಿ ಅದಕ್ಕೂ ಕ್ಷಮೆ ಉಂಟು. ತಾವು ಹೊರಗಿನಿಂದ ಮಾತ್ರ ಬದಲಾಗಿದ್ದೆವು, ಒಳಗೆ ಹಳೆಯ ನಂಬಿಕೆಯೇ ಇತ್ತು ಎಂದು ಬಂದವರು ಹೇಳಿಕೊಂಡರಂತೆ. ತಮ್ಮ ಕಣ್ಣಿಗೆ ಬಿದ್ದವರು ಸುಮಾರು ಎರಡು ಸಾವಿರ, ಮಂಗಳೂರು ಸೀಮೆಗೆ ಮರಳಿ ಹಳೆಯ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡವರು ಇಪ್ಪತ್ತು ಸಾವಿರದ ಹತ್ತಿರ ಎಂದು ದುಬುವಾ ಬರೆದಿದ್ದಾರೆ.

ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ಅಷ್ಟು ಜನರಲ್ಲಿ ಒಬ್ಬನಾದರೂ ನಂಬಿಕೆಗಾಗಿ ಪ್ರಾಣ ಕೊಡಲಿಲ್ಲ, ಮತ್ತೆ ಅಂಥ ಕಾಲ ಬಂದರೆ ಹೀಗೇ ಆದೀತು ಎಂದು ಅವರು ಕೊರಗುತ್ತಾರೆ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಇದು ಬರುತ್ತದೆ. ಗಂಜಾಮಿನಲ್ಲಿ ಪಾಪಕ್ಷಮೆಯ ಮಾತು ಹೇಳಿದ ಪಾದ್ರಿಯೇ ಲಂಡನ್ನಿನ ಓದುಗರ ಮುಂದೆ ಅದೇ ಜನರನ್ನು ಕಟಕಟೆಗೆ ಹತ್ತಿಸಿದರು! ಕ್ರೈಸ್ತ ಧರ್ಮದ ನಡುಮಧ್ಯದ ಒಂದು ಮಾತು ಕನ್ನಡ ನಾಡಿನಲ್ಲಿ ಹೇಗೆ ನಡೆದುಬಂತು ಎಂದು ನೋಡುವವರಿಗೆ ಈ ಇಬ್ಬಗೆ ಮತ್ತೆ ಮತ್ತೆ ಎದುರಾಗುತ್ತದೆ.

ಆ ಮಾತು ಸಂತ ಪೌಲ ರೋಮಿನ ಸಭೆಗೆ ಬರೆದ ಪತ್ರದ ಎಂಟನೆಯ ಅಧ್ಯಾಯದ ಮೊದಲಲ್ಲಿದೆ. ಕ್ರಿಸ್ತನಲ್ಲಿ ಇರುವವರ ಮೇಲೆ ಇನ್ನು ಅಪರಾಧದ ತೀರ್ಪಿಲ್ಲ ಎಂಬುದು ಅದರ ಸಾರ. ಹೇಳುವುದು ಸುಲಭ. ಹಾಗಾದರೆ ಎಡವಿದವನನ್ನು ಸಭೆ ಏನು ಮಾಡಬೇಕು? ರೋಮ್ ಸಾಮ್ರಾಟ ಡೀಸಿಯಸ್ 250ರಲ್ಲಿ ದೇವತೆಗಳಿಗೆ ಬಲಿ ಕೊಡಿಸಿದಾಗ ಹೆದರಿ ಕೊಟ್ಟವರ ವಿಷಯದಲ್ಲಿ ಮರುವರ್ಷ ಕಾರ್ಥೇಜಿನಲ್ಲಿ ಇದೇ ಜಗಳವಾಯಿತು. ಬಿಷಪ್ ಸಿಪ್ರಿಯನ್ ಪ್ರಾಯಶ್ಚಿತ್ತದ ನಂತರ ಅವರನ್ನು ಸೇರಿಸಿಕೊಳ್ಳಬೇಕೆಂದರೆ, ರೋಮಿನಲ್ಲಿ ನೊವೇಶಿಯನ್ ಆಗದು ಎಂದು ಬೇರೆ ಸಭೆಯನ್ನೇ ಕಟ್ಟಿದ. ಶ್ರೀರಂಗಪಟ್ಟಣದ ಪ್ರಶ್ನೆಗೆ ಹದಿನೈದೂವರೆ ಶತಮಾನದ ಹಿಂದಿನ ಮೇಲ್ಪಂಕ್ತಿ ಇತ್ತು.

ದುಬುವಾಗಿಂತ ನೂರೈವತ್ತು ವರ್ಷ ಮೊದಲೇ, 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದ ಇದೇ ಪಟ್ಟಣಕ್ಕೆ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಬಂದಿದ್ದರು. ಕನ್ನಡದಲ್ಲಿ ಧರ್ಮೋಪದೇಶ, ವ್ಯಾಕರಣ, ಪದಕೋಶಗಳನ್ನು ಬರೆದ ಅವರು ಸನ್ಯಾಸಿಯ ವೇಷ ತೊಟ್ಟಿದ್ದು ಮಧುರೆಯ ರಾಬರ್ಟೊ ಡಿ ನೊಬಿಲಿಯವರ ಮಾದರಿಯಲ್ಲಿ. ಜಾತಿಯ ಗುರುತುಗಳನ್ನು ಹೊಸ ಕ್ರೈಸ್ತರು ಉಳಿಸಿಕೊಳ್ಳಬಹುದೇ ಎಂಬ ವಾದಕ್ಕೆ ರೋಮ್ 1623ರಲ್ಲಿ ಸಡಿಲವಾದ ಉತ್ತರ ಕೊಟ್ಟು, 1744ರಲ್ಲಿ ಬಿಗಿ ಮಾಡಿತು. ಹಾಗೆ ಬಿಗಿ ಮಾಡುವಾಗಲೂ ಕೆಳಜಾತಿಯವರ ಸೇವೆಗೆ ಬೇರೆ ಪಾದ್ರಿಗಳನ್ನು ಇಡಲು ದಾರಿ ಬಿಟ್ಟಿತು. ದೇವರ ಮುಂದೆ ತೀರ್ಪಿಲ್ಲ, ಊರ ಮುಂದೆ ಇದೆ ಎಂದಂತಾಯಿತು.

ಯುರೋಪಿನಲ್ಲಿ ಲೂಥರ್ 1517ರ ನಂತರ ಈ ಪ್ರಶ್ನೆಯನ್ನು ವ್ಯಕ್ತಿಯ ಮನಸ್ಸಿನೊಳಕ್ಕೆ ತಂದಿದ್ದ: ಪಾಪಿಯಾದ ನನ್ನನ್ನು ದೇವರು ಹೇಗೆ ಒಪ್ಪುತ್ತಾನೆ? ಕೃಪೆಯಿಂದ, ನಂಬಿಕೆಯೊಂದರ ಮೂಲಕ ಎಂದು ಅವನ ಉತ್ತರ. ಕ್ಯಾಥೊಲಿಕರ ಟ್ರೆಂಟ್ ಸಭೆ 1547ರಲ್ಲಿ, ಕೃಪೆ ಮನುಷ್ಯನನ್ನು ಒಳಗಿನಿಂದ ನಿಜಕ್ಕೂ ಬದಲಿಸಬೇಕು, ನಂಬಿಕೆಯೊಂದೇ ಸಾಲದು ಎಂದಿತು. ಈ ವಾದ ಕನ್ನಡ ಕರಾವಳಿಗೆ ಬಂದದ್ದು 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಷನ್ನಿನವರ ಜೊತೆ. ಇಂಗ್ಲಿಷ್ ಲೇಖಕ ಬನಿಯನ್ನನ ಕಥೆ 1847ರಲ್ಲಿ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂತು. ಶಿಲುಬೆಯ ಬಳಿ ಯಾತ್ರಿಕನ ಬೆನ್ನಿನ ಹೊರೆ ತಾನಾಗಿ ಜಾರಿ ಬೀಳುವ ಸನ್ನಿವೇಶ ಅದರಲ್ಲಿದೆ.

ಮಂಗಳೂರಿನಲ್ಲಿ ಹೊರೆ ಅಷ್ಟು ಸಲೀಸಾಗಿ ಜಾರಲಿಲ್ಲ. 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರ ಬದುಕನ್ನೇ ನೋಡಬಹುದು. ಅವರು ಮಿಷನರಿ ಮೋಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುಪಟ್ಟ ಪಡೆದರು. ಹೆಂಡತಿ ಜೊತೆಗೆ ಬರಲೊಪ್ಪಲಿಲ್ಲ. 1860ರಲ್ಲಿ ಜರ್ಮನ್ ಮಹಿಳೆಯನ್ನು ಮದುವೆಯಾದರು. ಬಡವರ ಪಾಡು ಬೇರೆಯೇ. ಕ್ರೈಸ್ತರಾದ ಕೂಡಲೇ ಜಮೀನ್ದಾರನ ಗೇಣಿ, ಕುಲದ ಕಸುಬು, ನೆಂಟರ ಮನೆ ಒಟ್ಟಿಗೇ ತಪ್ಪುತ್ತಿದ್ದವು. ಮಿಷನ್ನಿನ ನೇಯ್ಗೆ ಶಾಲೆ, ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆಗಳು ಬಂದದ್ದು ಈ ತೂತು ಮುಚ್ಚಲು. ಮಂಗಳೂರು ಹೆಂಚು ಎಂದರೆ ಇಂದು ನೆನಪಾಗುವುದು ಮಾಡು ಮಾತ್ರ. ಜಾತಿ ಬಿಟ್ಟವರಿಗೆ ಕೂಲಿ ಕೊಡಬೇಕಾಗಿ ಬಂದದ್ದೂ ಅದರ ಚರಿತ್ರೆಯೇ.

ಇಲ್ಲೂ ಇಬ್ಬಗೆ ತಪ್ಪಲಿಲ್ಲ. ಕೃಪೆಯಿಂದ ಬಿಡುಗಡೆ ಎಂದು ಬೋಧಿಸಿದವರೇ ಸಭೆಗೆ ಕಟ್ಟುನಿಟ್ಟಿನ ಶಿಸ್ತು ತಂದರು. ಕುಡಿದವನು, ಜೂಜಾಡಿದವನು, ಭೂತಕೋಲಕ್ಕೆ ಹೋದವನು ಕರ್ತನ ಭೋಜನದಿಂದ ಹೊರಗೆ ಉಳಿಯಬೇಕಿತ್ತು. ಕಾರ್ಖಾನೆಯ ಗಂಟೆ, ಶಾಲೆಯ ಗಂಟೆ, ಪ್ರಾರ್ಥನೆಯ ಗಂಟೆ ಸೇರಿ ದಿನವನ್ನು ಹೊಸದಾಗಿ ಕತ್ತರಿಸಿದವು. ಹಳೆಯ ಕಟ್ಟು ಹರಿದು ಹೊಸ ಕಟ್ಟು ಬಿತ್ತು ಎಂದು ಗೇಲಿ ಮಾಡುವುದು ಸುಲಭ. ಆದರೆ ಕೂಲಿಯ ದುಡ್ಡು ಹೆಂಡದಂಗಡಿ ಸೇರದೆ ಮನೆ ಸೇರಿದ್ದು ಹೆಂಗಸರಿಗೆ ಸಣ್ಣ ಬಿಡುಗಡೆಯಾಗಿರಲಾರದು.

ನಿಜವಾದ ಪರೀಕ್ಷೆ ಊಟದ ಪಂಕ್ತಿಯಲ್ಲಿ ನಡೆಯಿತು. 1850ರಲ್ಲಿ ಮದ್ರಾಸಿನ ಪ್ರಾಟೆಸ್ಟೆಂಟ್ ಮಿಷನರಿಗಳು ಒಟ್ಟಾಗಿ ಒಂದು ನಿಲುವು ಬರೆದಿಟ್ಟರು: ಅಸ್ಪೃಶ್ಯರು ಅಡುಗೆ ಮಾಡಿದ್ದನ್ನು ಉಣ್ಣಲೊಪ್ಪದವನು ಸಭೆಯ ಸದಸ್ಯನಾಗಲಾರ. ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ವೆಸ್ಲಿಯನ್ ಮಿಷನ್ ಬೇರೆ ದಾರಿಯಿಂದ ಅಲ್ಲಿಗೇ ಬಂತು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿಗೆ 1738ರ ಮೇ 24ರ ಸಂಜೆ ಲಂಡನ್ನಿನಲ್ಲಿ, ರೋಮ್‌ನವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿ ಕೇಳುತ್ತಿದ್ದಾಗ ತನ್ನ ಪಾಪ ಕಳೆಯಿತೆಂಬ ಭರವಸೆ ಮೂಡಿತ್ತು. ಆ ಭರವಸೆಯನ್ನು ಅವನು ವಾರಕ್ಕೊಮ್ಮೆ ಕೂಡುವ ಹನ್ನೆರಡು ಜನರ ಕೂಟವಾಗಿ ಕಟ್ಟಿದ. ಅಲ್ಲಿ ಪ್ರತಿಯೊಬ್ಬರೂ ತಮ್ಮ ವಾರ ಹೇಗೆ ಕಳೆಯಿತೆಂದು ಎಲ್ಲರ ಮುಂದೆ ಹೇಳಬೇಕು. ಮೈಸೂರಿನಲ್ಲಿ ಈ ಮಿಷನ್ 1887ರಲ್ಲಿ ‘ವೃತ್ತಾಂತ ಪತ್ರಿಕೆ’ ತಂದಿತು, 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು. ಇಂದಿಗೂ ಮಂಡ್ಯ ಕಡೆಯ ಹಿರಿಯರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆಯೇ. ಕಾಯಿಲೆ ಎಂದರೆ ಶಾಪ, ಹಿಂದಿನ ಪಾಪದ ಫಲ ಎಂದುಕೊಂಡಿದ್ದವರ ನಡುವೆ ಅಂಥ ಕಟ್ಟಡವೇ ಒಂದು ವಾದ. ದುಬುವಾ 1803-04ರಲ್ಲಿ 25,432 ಜನರಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ ಲೆಕ್ಕವನ್ನೂ ಇಲ್ಲಿ ನೆನೆಯಬಹುದು. ಅದನ್ನು ಸಿದ್ಧಾಂತದ ಫಲವೆಂದು ಹೇಳಹೊರಟರೆ ಅತಿಯಾದೀತು.

ಕೃಪೆಯ ಕುರಿತ ಈ ವಾದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಶ್ರೀವೈಷ್ಣವ ಪಂಡಿತರಿಗೆ ಹೊಸದಲ್ಲ. ಬೆಕ್ಕು ತನ್ನ ಮರಿಯನ್ನು ಕಚ್ಚಿ ಒಯ್ಯುವಂತೆ ಭಗವಂತನೇ ಜೀವವನ್ನು ಎತ್ತಿಕೊಳ್ಳುತ್ತಾನೆ ಎನ್ನುವವರು ತೆಂಗಲೆಯವರು. ಕೋತಿಮರಿ ತಾಯಿಯನ್ನು ಬಿಗಿದಪ್ಪಿಕೊಳ್ಳುವಂತೆ ಜೀವವೂ ಹಿಡಿದುಕೊಳ್ಳಬೇಕು ಎನ್ನುವವರು ವಡಗಲೆಯವರು. ಶರಣಾದವನ ದೋಷವನ್ನು ಭಗವಂತ ಎಣಿಸುತ್ತಾನೋ, ಮರೆಯುತ್ತಾನೋ, ಆ ದೋಷವನ್ನೇ ಪ್ರೀತಿಸುತ್ತಾನೋ ಎಂದು ಎರಡು ಪಂಗಡಗಳೂ ಶತಮಾನಗಳಿಂದ ಕಾದಾಡಿವೆ. ಜರ್ಮನ್ ವಿದ್ವಾಂಸ ರುಡಾಲ್ಫ್ ಓಟ್ಟೊ 1930ರಲ್ಲಿ ಭಾರತದ ಈ ಕೃಪಾಮಾರ್ಗವನ್ನು ಲೂಥರನ ದಾರಿಯ ಪಕ್ಕದಲ್ಲಿಟ್ಟು ಒಂದು ಪುಸ್ತಕವನ್ನೇ ಬರೆದರು. ಎರಡೂ ಕಡೆ ಕೃಪೆಯಿದೆ, ಆದರೆ ಪಾಪದ ಭಾರ ಕ್ರೈಸ್ತನ ಮನಸ್ಸಿನಲ್ಲಿ ಕೇಂದ್ರದಲ್ಲಿರುವಷ್ಟು ಇಲ್ಲಿಲ್ಲ ಎಂಬುದು ಅವರ ಅಭಿಪ್ರಾಯ. ಮೇಲುಕೋಟೆ, ಗಂಜಾಮುಗಳ ನಡುವೆ ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿ. ಆದರೂ ದುಬುವಾ ಈ ಸಾಮ್ಯವನ್ನು ಮಾತುಕತೆಗೆ ತೆರೆದ ಬಾಗಿಲೆಂದು ಕಾಣಲಿಲ್ಲ. ಇಪ್ಪತ್ತೈದು ವರ್ಷ ದುಡಿದು ತಾವು ಕ್ರೈಸ್ತರಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು, ಅವರಲ್ಲೂ ಹೆಚ್ಚಿನವರು ಜಾತಿಯಿಂದ ಹೊರಗಿದ್ದವರು ಇಲ್ಲವೇ ಭಿಕ್ಷುಕರು ಎಂದು ನಿರಾಶರಾಗಿ ಬರೆದು ಊರಿಗೆ ಮರಳಿದರು. ಜೇಮ್ಸ್ ಹಫ್, ಹೆನ್ರಿ ಟೌನ್‌ಲಿ ಎಂಬ ಇಬ್ಬರು ಪ್ರಾಟೆಸ್ಟೆಂಟ್ ಪಾದ್ರಿಗಳು 1824ರಲ್ಲೇ ಅದಕ್ಕೆ ಉತ್ತರ ಬರೆದರು. ಭಿಕ್ಷುಕರು ಬಂದದ್ದನ್ನು ಸೋಲೆಂದು ಎಣಿಸಿದ್ದೇ ದುಬುವಾರ ಲೆಕ್ಕದ ದೋಷ.

ಇಪ್ಪತ್ತನೆಯ ಶತಮಾನದ ಕೊನೆಯರ್ಧದಲ್ಲಿ ಪೌಲನ ಪತ್ರಗಳನ್ನು ವಿದ್ವಾಂಸರು ಓದುವ ರೀತಿ ತಿರುವು ಪಡೆಯಿತು. ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ 1963ರ ಲೇಖನದಲ್ಲಿ, ಅಂತರಂಗದ ಅಪರಾಧಪ್ರಜ್ಞೆ ಲೂಥರನ ಚಿಂತೆ, ಪೌಲನದಲ್ಲ ಎಂದರು. ಇ. ಪಿ. ಸ್ಯಾಂಡರ್ಸ್ 1977ರಲ್ಲಿ, ಜೇಮ್ಸ್ ಡನ್ 1980ರ ದಶಕದಲ್ಲಿ ಇದನ್ನು ಮುಂದಕ್ಕೊಯ್ದರು. ಈ ಓದಿನಲ್ಲಿ, ಯೆಹೂದ್ಯರೂ ಯೆಹೂದ್ಯರಲ್ಲದವರೂ ಒಂದೇ ಮೇಜಿನಲ್ಲಿ ಉಣ್ಣಬಹುದೇ ಎಂಬುದೇ ಪೌಲನ ಬಿಸಿಬಿಸಿ ಜಗಳ. ಅಂತಿಯೋಕ್ಯದಲ್ಲಿ ಪೇತ್ರ ಊಟದಿಂದ ಹಿಂದೆ ಸರಿದಾಗ ಪೌಲ ಅವನನ್ನು ಮುಖಾಮುಖಿ ಎದುರಿಸಿದ. ಜಾತಿಯ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಅದೇ ಕಾಲಕ್ಕೆ ಇನ್ನೊಂದು ಕಡೆಯಿಂದ ಮಾತು ಎದ್ದಿತು. ಧರ್ಮಚಿಂತಕ ಎಂ. ಎಂ. ಥಾಮಸ್ 1971ರಲ್ಲಿ ರಕ್ಷಣೆಯನ್ನೂ ಮಾನವೀಯ ಬದುಕನ್ನೂ ಒಟ್ಟಿಗೆ ನೋಡಬೇಕೆಂದು ಬರೆದರು. ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಅರವಿಂದ ನಿರ್ಮಲ್ 1981ರ ಭಾಷಣದಿಂದ ಶುರುಮಾಡಿ ದಲಿತ ಧರ್ಮಚಿಂತನೆಗೆ ಹಾದಿ ಹಾಕಿದರು. ತಲೆಮಾರುಗಟ್ಟಲೆ ಇತರರು ಅಶುದ್ಧನೆಂದು ತೀರ್ಪಿತ್ತವನಿಗೆ ಪಾದ್ರಿಯೂ ನೀನು ಪಾಪಿ ಎಂದು ಶುರುಮಾಡಿದರೆ ಅದು ಯಾವ ಶುಭವಾರ್ತೆ? ಈ ಚಿಂತನೆ ಎತ್ತಿದ ಕಠಿಣ ಪ್ರಶ್ನೆ ಇದೇ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನರೂ ಕೃಪೆಯ ಕುರಿತು ಒಂದೇ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ವೆಸ್ಲಿಯ ಪಂಥದ ಮೆಥಡಿಸ್ಟರೂ ಸೇರಿದರು. ನಾಲ್ಕೂವರೆ ಶತಮಾನದ ವ್ಯಾಜ್ಯ ತೀರಿದ ಈ ಸುದ್ದಿ ಕನ್ನಡ ಸಭೆಗಳಲ್ಲಿ ಹೆಚ್ಚು ಸದ್ದು ಮಾಡಲಿಲ್ಲ. ಇಲ್ಲಿಯ ವ್ಯಾಜ್ಯ ಕೋರ್ಟಿನಲ್ಲಿತ್ತು.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ ಇತ್ತು. ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಸೇರಿದರು, ಕ್ರೈಸ್ತರು ಇನ್ನೂ ಹೊರಗೆ. ಕೋಲಾರದ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ 1967ರಲ್ಲಿ ಗೆದ್ದ ಎಸ್. ರಾಜಗೋಪಾಲ್ ಅವರ ವಿರುದ್ಧ ಸಿ. ಎಂ. ಆರ್ಮುಗಂ ಹೂಡಿದ ದಾವೆ ಸುಪ್ರೀಂ ಕೋರ್ಟಿಗೆ ಹೋಯಿತು. ಒಮ್ಮೆ ಕ್ರೈಸ್ತರಾಗಿದ್ದ ಅವರು ಆದಿದ್ರಾವಿಡ ಜಾತಿಗೆ ಮರಳಿದ್ದು ರುಜುವಾತಾಗಿಲ್ಲವೆಂದು 1968ರಲ್ಲಿ ತೀರ್ಪಾಯಿತು. 1972ರಲ್ಲಿ ಅವರು ಮತ್ತೆ ಗೆದ್ದರು, ಮತ್ತೆ ದಾವೆ ಬಿತ್ತು. 1975ರ ಡಿಸೆಂಬರಿನಲ್ಲಿ ಅದೇ ಕೋರ್ಟು ಅವರ ಪರ ತೀರ್ಪಿತ್ತಿತು. ಜಾತಿಯವರು ಅವರನ್ನು ಮರಳಿ ತಮ್ಮವನೆಂದು ಒಪ್ಪಿಕೊಂಡಿದ್ದಾರೆ ಎಂಬುದೇ ಅದಕ್ಕೆ ಕೊಟ್ಟ ಕಾರಣ.